ಕೇಳಿ ತಿಳಿಯುವ ಬಣ್ಣ

ಹಿರಿಯೂರಿನ ಮಗ್ಗುಲಲ್ಲಿರುವ ಬಬ್ಬೂರನ್ನು ಒಮ್ಮೆಯೂ ಕಾಣದವರು ಅದರ ಹೆಸರನ್ನು ಹೊತ್ತು ದೇಶಾಂತರ ತಿರುಗುತ್ತಿದ್ದಾರೆ. ಸ್ಮಾರ್ತ ಬ್ರಾಹ್ಮಣರಲ್ಲಿ ಬಬ್ಬೂರುಕಮ್ಮೆ ಎಂಬ ಒಳಪಂಗಡವಿದೆ. ಉಲುಚುಕಮ್ಮೆ, ಕನ್ನಡಕಮ್ಮೆಗಳ ಸಾಲಿನಲ್ಲಿ ಹೇಳುವ ಈ ಹೆಸರು ನಮ್ಮ ಬಬ್ಬೂರಿನಿಂದಲೇ ಬಂದದ್ದು ಎಂದು ಆ ಮನೆಗಳ ಹಿರಿಯರು ಹೇಳುತ್ತಾರೆ. ಬಸವನಗುಡಿಯಲ್ಲೋ ಅಮೆರಿಕದಲ್ಲೋ ಹುಟ್ಟಿ ಬೆಳೆದ ಹುಡುಗನಿಗೆ ಹೆಣ್ಣು ನೋಡುವಾಗ ಗೋತ್ರ, ನಕ್ಷತ್ರಗಳ ಪಕ್ಕದಲ್ಲಿ ಈ ಊರಿನ ಹೆಸರೂ ಬಂದು ಕೂರುತ್ತದೆ. ಊರು ಬಿಟ್ಟು ಎಷ್ಟೋ ತಲೆಮಾರು ಕಳೆದಿವೆ, ಹೆಸರು ಮಾತ್ರ ಬಿಟ್ಟಿಲ್ಲ. ಇದೇ ಬಬ್ಬೂರಿನ ಹೊಲಗಳಲ್ಲಿ ತಲೆಮಾರುಗಟ್ಟಲೆ ಕಳೆ ಕಿತ್ತವರ ಮಕ್ಕಳೂ ಈಗ ಬೆಂಗಳೂರಿನಲ್ಲಿದ್ದಾರೆ. ಅವರಲ್ಲಿ ಅನೇಕರು ಊರಿನ ಹೆಸರನ್ನು ಬಾಯಿಬಿಟ್ಟು ಹೇಳಲು ಹಿಂಜರಿಯುತ್ತಾರೆ. ಊರು ಹೇಳಿದ ಮೇಲೆ ಬರುವ ಮುಂದಿನ ಪ್ರಶ್ನೆ ಅವರಿಗೆ ಗೊತ್ತು: "ಬಬ್ಬೂರಲ್ಲಿ ಯಾರ ಪೈಕಿ?"

ಒಂದೇ ಊರಿನ ಹೆಸರು ಒಬ್ಬರಿಗೆ ಆಸ್ತಿಯಾಗಿ, ಇನ್ನೊಬ್ಬರಿಗೆ ಮುಚ್ಚಿಡಬೇಕಾದ ಗುರುತಾಗಿ ಉಳಿದದ್ದು ಹೇಗೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿದೆ.

ಹಿರಿಯೂರಿನ ಚಹಾ ಅಂಗಡಿಗಳಲ್ಲಿ ಮೀಸಲಾತಿಯ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಈಗ ಜಾತಿ ಎಲ್ಲೈತೆ ಸ್ವಾಮಿ? ಇರೋದು ಎರಡೇ ಜಾತಿ. ಉಳ್ಳೋರು, ಇಲ್ಲದೋರು." ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹೇಳುವವರಲ್ಲಿ ಹೆಚ್ಚಿನವರು ಕಷ್ಟ ಕಂಡವರು. ಚಿತ್ರದುರ್ಗದಂಥ ಬರದ ಜಿಲ್ಲೆಯಲ್ಲಿ ಶೇಂಗಾ ಬಿತ್ತಿ, ಮುಗಿಲು ನೋಡುತ್ತ ಕೂತು, ಕೊನೆಗೆ ಬೀಜದ ಸಾಲವೂ ಹುಟ್ಟದೆ ಊರು ಬಿಟ್ಟವರು ಎಲ್ಲ ಜಾತಿಯಲ್ಲೂ ಇದ್ದಾರೆ. ಅಂಥವನಿಗೆ "ನೀನು ಮೇಲ್ಜಾತಿಯವನು, ನಿನಗೇನು ಕಮ್ಮಿ" ಎಂದರೆ ಸಿಟ್ಟು ಬರುವುದು ಸಹಜ. ಅವನ ಹಸಿವು ಸುಳ್ಳಲ್ಲ. ಆದರೆ ಅವನ ಹಸಿವು ನಿಜ ಎಂಬುದರಿಂದ ಇನ್ನೊಬ್ಬನ ಅವಮಾನ ಸುಳ್ಳು ಎಂದು ತೀರ್ಮಾನಿಸಲು ಬರುವುದಿಲ್ಲ. ಬಡತನವೂ ಜಾತಿಯೂ ಎರಡು ಬೇರೆ ಬೇರೆ ಗಾಯಗಳು. ಒಂದಕ್ಕೆ ಅರೆದ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ. ಇದಿಷ್ಟನ್ನು ನನ್ನ ಜಿಲ್ಲೆಯ, ನನ್ನ ರಾಜ್ಯದ ಅನುಭವದಿಂದಲೇ ತೋರಿಸಬೇಕೆಂದು ಈ ಬರಹ.

ಇದೇ ಜಗಳ ಅಮೆರಿಕದಲ್ಲಿ ಮೈಬಣ್ಣದ ಸುತ್ತ ನಡೆದಿದೆ. ಕಪ್ಪು ಸಮಾಜಶಾಸ್ತ್ರಜ್ಞ ವಿಲಿಯಂ ಜೂಲಿಯಸ್ ವಿಲ್ಸನ್ 1978ರಲ್ಲಿ ಬರೆದ ಪುಸ್ತಕದಲ್ಲಿ, ಕಪ್ಪು ಜನರ ಬದುಕಿನ ಅವಕಾಶಗಳನ್ನು ತೀರ್ಮಾನಿಸುವುದರಲ್ಲಿ ಜನಾಂಗದ ಪಾಲು ಇಳಿಯುತ್ತಿದೆ, ವರ್ಗದ ಪಾಲು ಏರುತ್ತಿದೆ ಎಂದು ವಾದಿಸಿದರು. ದೊಡ್ಡ ಗದ್ದಲವಾಯಿತು. ಆ ಬಡತನವನ್ನು ಕಟ್ಟಿದ್ದೇ ಹಿಂದಿನ ಜನಾಂಗದ್ವೇಷ ಎಂಬುದನ್ನು ವಿಲ್ಸನ್ ಅಲ್ಲಗಳೆದಿರಲಿಲ್ಲ. ಅವರ ಮಾತನ್ನು ಎತ್ತಿ ಹೇಳುವವರು ಆ ಭಾಗವನ್ನು ಬಿಟ್ಟು ಹೇಳುತ್ತಾರೆ. ನಮ್ಮಲ್ಲಿಯೂ ಹಾಗೆಯೇ ಆಗುತ್ತದೆ.

ಹಾಗೆಂದು ಜಾತಿ ಮತ್ತು ಜನಾಂಗ ಒಂದೇ ಅಲ್ಲ. ಅಂಬೇಡ್ಕರ್ 1936ರಲ್ಲಿ ಪ್ರಕಟಿಸಿದ 'ಜಾತಿ ವಿನಾಶ'ದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ: ಪಂಜಾಬಿನ ಬ್ರಾಹ್ಮಣನೂ ಪಂಜಾಬಿನ ಚಮ್ಮಾರನೂ ಒಂದೇ ಜನಾಂಗದವರು, ಜಾತಿ ರಕ್ತದ ವಿಂಗಡಣೆಯಲ್ಲ. ಹೀಗೆ ಬರೆದ ಅಂಬೇಡ್ಕರರೇ ಹತ್ತು ವರ್ಷದ ಬಳಿಕ, 1946ರಲ್ಲಿ, ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರಿಗೆ ಕಾಗದ ಬರೆದು ಎರಡೂ ಜನರ ಸ್ಥಿತಿಯಲ್ಲಿರುವ ಹೋಲಿಕೆಯನ್ನು ಎತ್ತಿ ತೋರಿಸಿದರು. ಮೂಲ ಬೇರೆಯಾದರೂ ಬಾಳು ಒಂದೇ ತೆರನಾದೀತು ಎಂಬುದು ಅವರಿಗೆ ಗೊತ್ತಿತ್ತು. 2001ರಲ್ಲಿ ಡರ್ಬನ್ನಿನಲ್ಲಿ ನಡೆದ ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮ್ಮೇಳನದಲ್ಲಿ ಜಾತಿಯನ್ನೂ ಚರ್ಚಿಸಿ ಎಂದು ದಲಿತ ಸಂಘಟನೆಗಳು ಕೇಳಿದಾಗ, ಜಾತಿ ಜನಾಂಗವಲ್ಲ ಎಂದು ಭಾರತ ಸರ್ಕಾರ ಅದನ್ನು ವಿರೋಧಿಸಿತು. ಶಬ್ದಾರ್ಥದಲ್ಲಿ ಸರ್ಕಾರದ ಮಾತು ಸರಿ ಇರಬಹುದು. ಕೇರಿಯವನಿಗೆ ಆ ಶಬ್ದಾರ್ಥದಿಂದ ಏನೂ ಹಗುರವಾಗಲಿಲ್ಲ.

ಕರ್ನಾಟಕದಲ್ಲಿ ಜನಾಂಗವೆಂಬ ಮಾತು ಅಕ್ಷರಶಃ ಒಪ್ಪುವ ಒಂದು ಸಮುದಾಯವಿದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲದ ಕಾಡಂಚಿನ ಸಿದ್ದಿಯರು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು. ಅಚ್ಚ ಕನ್ನಡ ಮಾತಾಡುವ ಸಿದ್ದಿ ಹುಡುಗನನ್ನು ಬೆಂಗಳೂರಿನಲ್ಲಿ ಇಂದಿಗೂ "ಯಾವ ದೇಶ?" ಎಂದು ಕೇಳುತ್ತಾರೆ. ಅವನ ಗುರುತು ಮುಖದ ಮೇಲೆಯೇ ಇದೆ, ಅವನು ಬಾಯಿ ತೆರೆಯುವ ಮೊದಲೇ ತೀರ್ಪಾಗಿರುತ್ತದೆ. ಬಬ್ಬೂರಿನಲ್ಲಿ ಹಾಗಲ್ಲ. ಗೌಡರ ಮಗನನ್ನೂ ಎ.ಕೆ. ಕಾಲೊನಿಯ ದಲಿತ ಹುಡುಗನನ್ನೂ ಒಂದೇ ಬಗೆಯ ಅಂಗಿ ತೊಡಿಸಿ ನಿಲ್ಲಿಸಿದರೆ ಹೊರಗಿನವರಿಗೆ ಯಾರು ಯಾರೆಂದು ತಿಳಿಯದು. ಅದಕ್ಕಾಗಿಯೇ ನಮ್ಮಲ್ಲಿ ಅಷ್ಟೊಂದು ಕೇಳುತ್ತಾರೆ. ಯಾವೂರು, ಅಪ್ಪನ ಹೆಸರೇನು, ಮನೆದೇವರು ಯಾವುದು, ಯಾರ ಪೈಕಿ. ನಮ್ಮದು ಕಣ್ಣಿಗೆ ಕಾಣದ ಬಣ್ಣ, ಕೇಳಿ ತಿಳಿಯಬೇಕಾದ ಬಣ್ಣ.

ಜಾತಿಯ ಕಷ್ಟ ಯಾವುದು, ಬಡತನದ ಕಷ್ಟ ಯಾವುದು ಎಂದು ಬಿಡಿಸಿ ನೋಡಲು ನನಗೆ ತೋಚುವ ದಾರಿ ಒಂದೇ. ಆ ಮನುಷ್ಯನ ಕೈಯಲ್ಲಿ ದುಡ್ಡು, ಅಧಿಕಾರ ಎರಡನ್ನೂ ಇಟ್ಟು ನೋಡಬೇಕು. ಹೋದ ಕಷ್ಟ ಬಡತನದ್ದು. ಉಳಿದ ಕಷ್ಟ ಬೇರೆಯದು.

ನಮ್ಮ ಜಿಲ್ಲೆಯ ಜನರಿಗೆ ಈ ಪರೀಕ್ಷೆ ಕಲ್ಪನೆಯಲ್ಲ, ಕಣ್ಣೆದುರು ನಡೆದಿದೆ. ಚಿತ್ರದುರ್ಗ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಜೊತೆ ತುಮಕೂರು ಜಿಲ್ಲೆಯ ಶಿರಾ, ಪಾವಗಡಗಳೂ ಇದಕ್ಕೆ ಸೇರಿವೆ. 2019ರ ಚುನಾವಣೆಯಲ್ಲಿ ಗೆದ್ದವರು ಎ. ನಾರಾಯಣಸ್ವಾಮಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ ವೈದ್ಯರ ತಂಡದೊಡನೆ ಹೋದರು, ಆ ಊರಿಗೆ ಏನಾದರೂ ಸೌಕರ್ಯ ಮಾಡಿಸೋಣವೆಂದು. ಹಟ್ಟಿಯ ಬಾಯಲ್ಲೇ ಜನ ಅವರನ್ನು ತಡೆದರು. ನಿಮ್ಮ ಜಾತಿಯವರು ಇದುವರೆಗೆ ಹಟ್ಟಿಯೊಳಗೆ ಬಂದವರಲ್ಲ, ನೀವೂ ಬರಬಾರದು ಎಂದರು. ಸಂಸದರು ಹಿಂತಿರುಗಿದರು. ಪೊಲೀಸರಿಗೆ ದೂರು ಕೊಡಲು ಅವರಿಗೆ ಮನಸ್ಸಾಗಲಿಲ್ಲ. ಮನಸ್ಸು ಬದಲಾಗಬೇಕಾದ ಕಡೆ ಕಾನೂನು ಏನು ಮಾಡೀತು ಎಂಬುದು ಅವರ ಭಾವನೆಯಾಗಿತ್ತು. ಎರಡು ವರ್ಷಕ್ಕೆ ಅವರು ಕೇಂದ್ರದಲ್ಲಿ ಮಂತ್ರಿಯೂ ಆದರು, ಅದೂ ಸಾಮಾಜಿಕ ನ್ಯಾಯ ಖಾತೆಯ ರಾಜ್ಯ ಸಚಿವರು.

ಇದರಲ್ಲಿ ಯಾರು ಉಳ್ಳವರು, ಯಾರು ಇಲ್ಲದವರು? ತಡೆಯಿಸಿಕೊಂಡವರ ಕೈಯಲ್ಲಿ ಕಾರು, ಅಧಿಕಾರ, ದಿಲ್ಲಿಯ ಕುರ್ಚಿ. ತಡೆದವರು ಕುರಿ ಕಾಯುವ, ಕೂಲಿಗೆ ಹೋಗುವ ಬಡವರು. ಎರಡೇ ಜಾತಿ ಎಂಬ ಲೆಕ್ಕ ಈ ಹಟ್ಟಿಯ ಬಾಯಲ್ಲಿ ಪೂರ್ತಿ ತಲೆಕೆಳಗಾಗುತ್ತದೆ.

ಆ ಹಟ್ಟಿಯವರನ್ನು ಬೈದು ಮುಗಿಸುವುದು ಸುಲಭ. ಅದು ನನ್ನ ಉದ್ದೇಶವಲ್ಲ. ಈ ಹಟ್ಟಿಗಳ ಕಾಡುಗೊಲ್ಲರದು ಈ ಸೀಮೆಯ ಅತ್ಯಂತ ಹಿಂದುಳಿದ ಸಮುದಾಯಗಳಲ್ಲಿ ಒಂದು. ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ವರ್ಷಗಳಿಂದ ಕೇಳುತ್ತಿದ್ದಾರೆ, ಆ ಕೂಗಿನಲ್ಲಿ ನ್ಯಾಯವಿದೆ. ಹೊರಗಿನವರನ್ನು ತಡೆಯುವ ಅದೇ ಮಡಿಯ ಬೇಲಿ ಅವರ ಹೆಣ್ಣುಮಕ್ಕಳನ್ನೂ ಹೊರಗೆ ಹಾಕುತ್ತದೆ. ಮುಟ್ಟಾದವರು, ಹೆತ್ತ ಬಾಣಂತಿಯರು ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ದಿನ ಕಳೆಯಬೇಕು. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿಟ್ಟ ಬಾಣಂತಿಯ ಹಸುಗೂಸು ಮಳೆ ಚಳಿಯಲ್ಲಿ ತೀರಿಕೊಂಡಿತು. ಆ ಮಗುವನ್ನು ಕೊಂದದ್ದು ಬರಿಯ ಬಡತನ ಎಂದು ನಾನು ಹೇಳಲಾರೆ. ಹಟ್ಟಿಯೊಳಗೆ ಬೆಚ್ಚನೆಯ ಮನೆ ಇತ್ತು.

ಇನ್ನೊಂದು ಬದಿಯನ್ನೂ ನೋಡಬೇಕು. ಮುಜರಾಯಿಯ ತಸ್ತೀಕು ನಂಬಿಕೊಂಡು ಹಳ್ಳಿಯ ಗುಡಿಯಲ್ಲಿ ಪೂಜೆ ಮಾಡುವ ಅರ್ಚಕರು ನನಗೆ ಗೊತ್ತು. ಅವರ ಮನೆಯ ಹೆಂಚು ಸೋರುತ್ತದೆ, ಮಗನಿಗೆ ಹೆಣ್ಣು ಸಿಕ್ಕಿಲ್ಲ, ಕಾಲೇಜಿನ ಫೀಸಿಗೆ ಒಡವೆ ಒತ್ತೆ ಇಡಬೇಕಾಗಿದೆ. ಇದು ಬಡತನವೇ, ಸರ್ಕಾರ ನೆರವಾಗಬೇಕಾದ ಬಡತನ. ಆದರೆ ನಾಳೆ ಅವರ ಮಗನಿಗೆ ಒಳ್ಳೆಯ ಸಂಬಳದ ಕೆಲಸ ಸಿಕ್ಕಿತೆನ್ನಿ. ಸೋರುವ ಹೆಂಚಿನ ಜೊತೆ ಈ ಕಷ್ಟದ ಕಥೆಯೂ ಮುಗಿಯುತ್ತದೆ. ಇದಕ್ಕೆ ಎದುರಾಗಿ, ನನ್ನ ದಲಿತ ಸ್ನೇಹಿತರೊಬ್ಬರು ಕಾಲೇಜಿನಲ್ಲಿ ಪಾಠ ಹೇಳುತ್ತಾರೆ, ಸಂಬಳ ಚೆನ್ನಾಗಿಯೇ ಇದೆ. ವರ್ಗವಾಗಿ ಬಂದ ಊರಿನಲ್ಲಿ ಬಾಡಿಗೆ ಮನೆ ಹುಡುಕಲು ನಾನೂ ಅವರ ಜೊತೆ ಸುತ್ತಿದ್ದೇನೆ. ಮೊದಲ ಮನೆಯಲ್ಲಿ ಮುಂಗಡದ ಮಾತೂ ಮುಗಿದಿತ್ತು. ಆಮೇಲೆ ಮನೆಯ ಯಜಮಾನಿ ಕಾಫಿ ಲೋಟ ಇಡುತ್ತ, "ಬೇಜಾರು ಮಾಡ್ಕೋಬೇಡಿ ಸಾರ್, ನೀವು ಯಾವ ಜನ?" ಎಂದರು. ನನ್ನ ಸ್ನೇಹಿತರು ಸುಳ್ಳು ಹೇಳಲಿಲ್ಲ. ಮರುದಿನ ಫೋನು ಬಂತು: ಊರಿಂದ ನಮ್ಮ ತಮ್ಮ ಬರ್ತಾ ಇದ್ದಾನೆ, ಮನೆ ಅವನಿಗೇ ಬೇಕಂತೆ. ಇಂಥ ತಮ್ಮಂದಿರು ನಾಲ್ಕು ಮನೆಗೆ ಬಂದರು. ಐದನೆಯ ಮನೆ ಸಿಕ್ಕಿದ್ದು ಊರ ಹೊರಗೆ.

ಇದನ್ನು ಕೇಳಿದವರು ಹೇಳುವ ಮಾತೊಂದಿದೆ: ಇವೆಲ್ಲ ಮರ್ಯಾದೆಯ ಪ್ರಶ್ನೆಗಳು, ಹೊಟ್ಟೆಯ ಪ್ರಶ್ನೆಯಲ್ಲ, ಹೊಟ್ಟೆಯ ಪ್ರಶ್ನೆ ಬಂದರೆ ಎಲ್ಲರ ಹೊಟ್ಟೆಯೂ ಒಂದೇ. ಮರ್ಯಾದೆ ಹೊಟ್ಟೆಗಿಂತ ಚಿಕ್ಕದು ಎಂದು ನಾನು ಒಪ್ಪುವುದಿಲ್ಲ. ಆದರೂ ಹೊಟ್ಟೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ, ಅದಕ್ಕೆ ಮಾರಿಕಣಿವೆಗೆ ಹೋಗೋಣ.

ಅಲ್ಲಿ ವೇದಾವತಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನ 1898ರಲ್ಲಿ ಕಟ್ಟಲು ತೊಡಗಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ ಹಿರಿಯೂರು ಸೀಮೆಯ ಭಾಗ್ಯ. 1933ರಲ್ಲಿ ಒಮ್ಮೆ ತುಂಬಿ ಕೋಡಿ ಹರಿದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಆ ದಿನ ನೋಡಲು ಹೋದ ಜನಸಾಗರದಲ್ಲಿ ಎಲ್ಲ ಜಾತಿಯವರೂ ಇದ್ದರು, ಎಲ್ಲರ ಕಣ್ಣಲ್ಲೂ ನೀರಿತ್ತು. ಆದರೆ ನಾಲೆಯ ನೀರು ಹರಿಯುವುದು ಹೊಲ ಇದ್ದವನ ಹೊಲಕ್ಕೆ. ಖುಷ್ಕಿ ತರಿಯಾಯಿತು, ತರಿ ಬಾಗಾಯ್ತಾಯಿತು, ತೆಂಗು ಅಡಿಕೆ ಎದ್ದವು, ಆ ತೋಟದ ಹಣದಲ್ಲಿ ಮಕ್ಕಳು ಓದಿದರು, ಓದಿದ ಮಕ್ಕಳು ಪಟ್ಟಣದಲ್ಲಿ ನೆಲೆಯಾದರು. ಹೊಲವೇ ಇಲ್ಲದವನಿಗೆ ನಾಲೆ ತಂದದ್ದು ಇನ್ನಷ್ಟು ದಿನದ ಕೂಲಿಯನ್ನು ಮಾತ್ರ. ಈಗ ಕೇಳಬೇಕಾದದ್ದು: 1907ರಲ್ಲಿ ಹೊಲ ಯಾರ ಹತ್ತಿರ ಇತ್ತು, ಯಾರ ಹತ್ತಿರ ಇರಲಿಲ್ಲ? ಅದನ್ನು ಹಂಚಿದ್ದು ಮೈಗಳ್ಳತನವೂ ಅಲ್ಲ, ಅದೃಷ್ಟವೂ ಅಲ್ಲ. ತೋಟಿ, ತಳವಾರಿಕೆಯ ಚಿಲ್ಲರೆ ಇನಾಮು ಬಿಟ್ಟರೆ ಕೇರಿಯವರ ಕೈಗೆ ಭೂಮಿ ಬರದಂತೆ ಕಾದದ್ದು ಜಾತಿ. ಸಾರ್ವಜನಿಕ ಹಣದಲ್ಲಿ ಕಟ್ಟಿದ ಅಣೆಕಟ್ಟು ಆ ಹಳೆಯ ಹಂಚಿಕೆಯ ಮೇಲೆಯೇ ನೀರು ಹರಿಸಿ ಅದನ್ನು ಹತ್ತು ಪಟ್ಟು ಬೆಳೆಸಿತು. ಇಂದು ನಾವು ಬಡತನ, ಸಿರಿತನ ಎಂದು ಕರೆಯುವುದರ ಬೇರು ಅಲ್ಲಿದೆ.

ದೇವರಾಜ ಅರಸರ ಕಾಲದ ಭೂಸುಧಾರಣೆ ಇದನ್ನು ಅಲ್ಲಾಡಿಸಿತು, ನಿಜ. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಗಿ ಉಳುವವನು ಒಡೆಯನಾದ. ಅದೊಂದು ದೊಡ್ಡ ಕೆಲಸ, ಇಂದಿಗೂ ಅದನ್ನು ನೆನೆದು ಕೈಮುಗಿಯುವ ಮನೆಗಳಿವೆ. ಆದರೆ ಅದು ಗೇಣಿದಾರನಿಗೆ ಭೂಮಿ ಕೊಟ್ಟಿತು, ಕೂಲಿಯವನಿಗೆ ಕೊಡಲಿಲ್ಲ. ಎಷ್ಟೋ ಊರುಗಳಲ್ಲಿ ಕೇರಿಯವರಿಗೆ ಗೇಣಿಗೂ ಭೂಮಿ ಸಿಗುತ್ತಿರಲಿಲ್ಲ, ಅವರದು ಜೀತ ಇಲ್ಲವೇ ದಿನಗೂಲಿ. ವರ್ಗದ ಹೆಸರಿನಲ್ಲಿ ಬಂದ ಅತ್ಯುತ್ತಮ ಕಾನೂನೂ ಜಾತಿಯ ಕೊನೆಯ ಮೆಟ್ಟಿಲಿನಲ್ಲಿ ನಿಂತವನನ್ನು ದಾಟಿಕೊಂಡು ಹೋಯಿತು. ಸರ್ಕಾರ ಮಂಜೂರು ಮಾಡಿದ ತುಂಡು ಭೂಮಿಯೂ ಸಾಲಕ್ಕೆ, ಒತ್ತಡಕ್ಕೆ ಕೈಬಿಟ್ಟು ಹೋಗುತ್ತಿದ್ದುದರಿಂದಲೇ 1978ರಲ್ಲಿ ಪರಿಶಿಷ್ಟರ ಮಂಜೂರಾತಿ ಜಮೀನಿನ ಪರಭಾರೆ ನಿಷೇಧಿಸುವ ಪಿ.ಟಿ.ಸಿ.ಎಲ್. ಕಾಯ್ದೆ ಬೇಕಾಯಿತು. ಬಡವರೆಲ್ಲ ಒಂದೇ ಆಗಿದ್ದರೆ ಅಂಥ ಬೇರೆ ಕಾಯ್ದೆ ಯಾಕೆ ಬೇಕಿತ್ತು?

"ಜಾತಿ ಬಿಡಿ, ವರಮಾನ ನೋಡಿ ಮೀಸಲಾತಿ ಕೊಡಿ" ಎನ್ನುವವರು ಇದು ಯಾರೂ ಮಾಡಿ ನೋಡದ ಹೊಸ ಉಪಾಯವೆಂಬಂತೆ ಹೇಳುತ್ತಾರೆ. ನಮ್ಮ ರಾಜ್ಯ ಅದನ್ನು ಮಾಡಿ ನೋಡಿದೆ. ಅರವತ್ತು ವರ್ಷದ ಹಿಂದಿನ ಈ ಕಥೆ ಕನ್ನಡಿಗರಿಗೇ ಮರೆತುಹೋಗಿರುವುದು ನನಗೆ ನೋವಿನ ಸಂಗತಿ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಿಂದುಳಿದವರಿಗೆ ಪಾಲು ಕೊಡುವ ವಿಷಯದಲ್ಲಿ ಮೈಸೂರು ದೇಶಕ್ಕೇ ಮೊದಲಿನ ಸಾಲಿನದು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ನೇಮಿಸಿದ ಮಿಲ್ಲರ್ ಸಮಿತಿ ಬ್ರಾಹ್ಮಣೇತರರೆಲ್ಲರನ್ನೂ ಹಿಂದುಳಿದವರೆಂದು ಎಣಿಸಿತು. ಆ ನೇಮಕವನ್ನು ಒಪ್ಪದ ದಿವಾನ್ ವಿಶ್ವೇಶ್ವರಯ್ಯನವರು ಹುದ್ದೆಯನ್ನೇ ಬಿಟ್ಟರು. ಸ್ವಾತಂತ್ರ್ಯ ಬಂದ ಮೇಲೆ ನಾಗನಗೌಡ ಸಮಿತಿ ಜಾತಿಗಳ ಪಟ್ಟಿ ಮಾಡಿತು, 1962ರಲ್ಲಿ ಮೈಸೂರು ಸರ್ಕಾರ ಒಟ್ಟು ಮೀಸಲನ್ನು ಶೇ. 68ಕ್ಕೆ ಏರಿಸಿತು. ಎಂ. ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಮೀಸಲು ಅರ್ಧಕ್ಕಿಂತ ಕಡಿಮೆ ಇರಬೇಕು, ಜಾತಿಯೊಂದೇ ಅಳತೆಗೋಲಾಗಬಾರದು, ಸಾಮಾಜಿಕ ಹಿಂದುಳಿಯುವಿಕೆಗೆ ಬಹುಮಟ್ಟಿಗೆ ಬಡತನವೇ ಮೂಲ ಎಂಬುದು ಆ ತೀರ್ಪಿನ ಧಾಟಿ.

ಸರ್ಕಾರ ತೀರ್ಪಿಗೆ ತಲೆಬಾಗಿ 1963ರಲ್ಲಿ ಹೊಸ ಆದೇಶ ಹೊರಡಿಸಿತು. ಹಿಂದುಳಿದ ವರ್ಗಗಳ ಪಾಲಿನ ಶೇ. 30ರಲ್ಲಿ ಜಾತಿಯ ಸೊಲ್ಲೇ ಇಲ್ಲ. ಕುಟುಂಬದ ವರಮಾನ ವರ್ಷಕ್ಕೆ 1,200 ರೂಪಾಯಿ ಮೀರಬಾರದು. ಕಸುಬು ಬೇಸಾಯ, ಕೈಕೆಲಸ, ಸಣ್ಣ ವ್ಯಾಪಾರ, ಕೆಳದರ್ಜೆ ನೌಕರಿ ಅಥವಾ ಮೈಮುರಿದು ದುಡಿಯುವ ಬೇರೆ ಕೆಲಸ, ಇಷ್ಟರಲ್ಲಿ ಒಂದಾಗಿರಬೇಕು. 1964ರಲ್ಲಿ ಚಿತ್ರಲೇಖಾ ಪ್ರಕರಣದಲ್ಲಿ ಕೋರ್ಟು ಇದನ್ನು ಎತ್ತಿಹಿಡಿಯಿತು. ಚಹಾ ಅಂಗಡಿಯ ಮಾತು ಅಕ್ಷರಶಃ ಕಾನೂನಾಗಿ ಇಳಿದು ಬಂದ ದಿನಗಳವು.

ಆಗ ಆದದ್ದೇನು ಎಂದು ಒಂದು ಊರನ್ನು ಕಣ್ಣ ಮುಂದೆ ಇಟ್ಟುಕೊಂಡು ಯೋಚಿಸಿ. ಊರಿನ ಶಾನುಭೋಗರ ವರಮಾನ ಕಾಗದದ ಮೇಲೆ 1,200ಕ್ಕಿಂತ ಕಡಿಮೆ, ನಾಲ್ಕೆಕರೆ ಬೇಸಾಯವಿದೆ. ಮನೆಯಲ್ಲಿ ಮೂರು ತಲೆಮಾರಿನಿಂದ ಅಕ್ಷರ ಇದೆ, ಅಜ್ಜಿಗೂ ಓದು ಬರುತ್ತದೆ. ಅದೇ ಊರಿನ ಅಗಸನ, ಕುಂಬಾರನ, ಉಪ್ಪಾರನ ವರಮಾನವೂ 1,200ಕ್ಕಿಂತ ಕಡಿಮೆ. ಆ ಮನೆಯಲ್ಲಿ ಸ್ಲೇಟು ಹಿಡಿದ ಮೊದಲ ಕೈ ಈ ಹುಡುಗನದೇ. ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಅಂಕ ನೋಡಿ ಸೀಟು ಕೊಟ್ಟರೆ ಯಾರಿಗೆ ಸಿಕ್ಕೀತು? ವರಮಾನದ ಅಳತೆಗೋಲು ಸುಳ್ಳು ಹೇಳಲಿಲ್ಲ. ಅದಕ್ಕೆ ಕಾಣುವುದೇ ಅಷ್ಟು. ಈ ವರ್ಷದ ದುಡ್ಡನ್ನು ಅದು ಎಣಿಸುತ್ತದೆ. ತಲೆಮಾರುಗಳಿಂದ ಮನೆಯಲ್ಲಿ ಕೂಡಿಟ್ಟ ಅಕ್ಷರ, ಕಚೇರಿಯಲ್ಲಿರುವ ನೆಂಟ, "ಒಳಗೆ ಬನ್ನಿ" ಎನ್ನುವ ಬಾಗಿಲುಗಳು ಅದರ ಲೆಕ್ಕಕ್ಕೆ ಬರುವುದಿಲ್ಲ. ಸಂಬಳದವನ ವರಮಾನ ಪತ್ರದಲ್ಲಿ ಸಿಕ್ಕಿಬೀಳುತ್ತದೆ, ಭೂಮಿಯವನದು, ಅಂಗಡಿಯವನದು ಹೇಳಿದಷ್ಟು ಎಂಬುದು ಬೇರೆ.

ಈ ಅನುಭವವಾದ ಮೇಲೆಯೇ 1972ರಲ್ಲಿ ಎಲ್. ಜಿ. ಹಾವನೂರರ ಆಯೋಗ ಬಂದದ್ದು. 1975ರ ನವೆಂಬರಿನಲ್ಲಿ ಕೊಟ್ಟ ಅದರ ವರದಿ ಸಮುದಾಯಗಳ ಸ್ಥಿತಿಯನ್ನು ಮತ್ತೆ ಮುಂದಕ್ಕೆ ತಂದಿತು. 1977ರಲ್ಲಿ ಅರಸರ ಸರ್ಕಾರ ಅದನ್ನು ಜಾರಿಗೆ ತರುವಾಗ ಬಡವರನ್ನು ಮರೆಯಲಿಲ್ಲ. ಜಾತಿ ನೋಡದೆ ಕಸುಬು, ವರಮಾನಗಳ ಮೇಲೆ ಒಂದು 'ವಿಶೇಷ ಗುಂಪು' ಮಾಡಿ ಅದಕ್ಕೆ ಬೇರೆ ಪಾಲು ಇಟ್ಟಿತು. ಎರಡು ಗಾಯಕ್ಕೆ ಎರಡು ಮದ್ದು ಎಂಬ ವಿವೇಕ ಅದರಲ್ಲಿತ್ತು, ನನ್ನ ದೃಷ್ಟಿಯಲ್ಲಿ ಅದು ಅರಸು ಕಾಲದ ಹೆಚ್ಚು ಗಮನ ಪಡೆಯದ ಸಾಧನೆ. ಆ ಆದೇಶಗಳ ಮೇಲೆ ನಡೆದ ವಸಂತಕುಮಾರ್ ಪ್ರಕರಣದಲ್ಲಿ 1985ರ ಮೇ ತಿಂಗಳಲ್ಲಿ ಐವರು ನ್ಯಾಯಮೂರ್ತಿಗಳು ಐದು ಬೇರೆ ಅಭಿಪ್ರಾಯ ಬರೆದರು. ಆರ್ಥಿಕ ಸ್ಥಿತಿಯೊಂದೇ ಅಳತೆಗೋಲಾಗಲಿ ಎಂದರು ಡಿ. ಎ. ದೇಸಾಯಿ. ಈ ದೇಶದಲ್ಲಿ ಜಾತಿಯ ಮೆಟ್ಟಿಲನ್ನೂ ಬಡತನವನ್ನೂ ಬಿಡಿಸಿ ನೋಡುವುದಾಗದು ಎಂಬ ಕಡೆ ವಾದಿಸಿದವರು ಓ. ಚಿನ್ನಪ್ಪ ರೆಡ್ಡಿ. ಮುಂದೆ ಅವರೇ ಕರ್ನಾಟಕದ ಮೂರನೆಯ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾದರು. ಇಡೀ ದೇಶ ಇಂದು ಆಡುತ್ತಿರುವ ವಾದವನ್ನು ನಮ್ಮ ರಾಜ್ಯದ ಕಡತವೊಂದು ನಲವತ್ತು ವರ್ಷದ ಹಿಂದೆಯೇ ಆಡಿ ಮುಗಿಸಿದೆ.

2019ರಲ್ಲಿ ಸಂವಿಧಾನಕ್ಕೆ 103ನೆಯ ತಿದ್ದುಪಡಿಯಾಗಿ ಆರ್ಥಿಕವಾಗಿ ದುರ್ಬಲರಿಗೆ ಶೇ. 10 ಮೀಸಲು ಬಂತು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮೂರು-ಎರಡರ ಬಹುಮತದಿಂದ ಅದನ್ನು ಒಪ್ಪಿತು. ಬಡವರಿಗೆ ನೆರವು ಎಂದರೆ ನನ್ನ ತಕರಾರಿಲ್ಲ. ತಕರಾರು ಇರುವುದು ಎರಡು ಕಡೆ. ಬಡತನಕ್ಕೆಂದೇ ಮಾಡಿದ ಈ ಪಾಲಿನಿಂದ ಪರಿಶಿಷ್ಟರ, ಹಿಂದುಳಿದವರ ಬಡವರನ್ನು ಹೊರಗಿಟ್ಟರು, ಅವರಿಗೆ ಬೇರೆ ಮೀಸಲಿದೆ ಎಂಬ ಕಾರಣಕ್ಕೆ. ಅಂದರೆ ಬಡತನದ ಪಟ್ಟಿಯ ಬಾಗಿಲಲ್ಲೂ ಜಾತಿ ಕೇಳಿಯೇ ಒಳಗೆ ಬಿಟ್ಟ ಹಾಗಾಯಿತು. ಇನ್ನೊಂದು, ಅಳತೆಯದೇ ದೋಷ. ವರ್ಷಕ್ಕೆ 8 ಲಕ್ಷಕ್ಕಿಂತ ಕಡಿಮೆ ವರಮಾನವಿದ್ದವನು ಬಡವನಂತೆ. ಐದೆಕರೆ ಅಥವಾ ಅದಕ್ಕಿಂತ ಹೆಚ್ಚು ಕೃಷಿ ಭೂಮಿ ಇದ್ದವನು ಬಡವನಲ್ಲವಂತೆ. ದಿಲ್ಲಿಯಲ್ಲಿ ಕೂತು ಮಾಡಿದ ಈ ಲೆಕ್ಕವನ್ನು ಚಳ್ಳಕೆರೆ, ಮೊಳಕಾಲ್ಮುರಿಗೆ ತಂದು ನೋಡಿ. ಎಂಟೆಕರೆ ಕೆಂಪು ಖುಷ್ಕಿ ಇದ್ದವನು ಮಳೆ ಹೋದ ವರ್ಷ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಬಸ್ಸು ಹತ್ತುತ್ತಾನೆ. ಮೂರೆಕರೆ ಅಡಿಕೆ ತೋಟದವನು ಹೊಸ ಕಾರು ಕೊಳ್ಳುತ್ತಾನೆ. ಪಹಣಿ ನೋಡಿ ಬಡತನ ಅಳೆಯುವವರಿಗೆ ಮೊದಲನೆಯವನು ಶ್ರೀಮಂತ. ಜಾತಿಯ ಅಳತೆ ಒರಟು ಎನ್ನುತ್ತಾರೆ. ವರ್ಗದ ಅಳತೆಯೂ ಅಷ್ಟೇ ಒರಟು ಎಂಬುದನ್ನು ಯಾಕೆ ಹೇಳುವುದಿಲ್ಲ?

ನಾಡಕಚೇರಿಯ ಕಿಟಕಿಯಲ್ಲಿ ಬಡತನಕ್ಕೂ ಜಾತಿಗೂ ಇರುವ ವ್ಯತ್ಯಾಸ ಅಚ್ಚಾಗಿಯೇ ಸಿಗುತ್ತದೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ. ಪರಿಶಿಷ್ಟ ಜಾತಿಯ ಪ್ರಮಾಣಪತ್ರಕ್ಕೆ ಬದುಕಿರುವವರೆಗೆ. ಬಡತನ ಹೋಗಬಹುದು, ಬರಬಹುದು, ಆಗಾಗ ನೋಡಬೇಕು. ಜಾತಿ ಹೋಗುವುದಿಲ್ಲ ಎಂದು ಸರ್ಕಾರವೂ ತಿಳಿದಿದೆ.

ಇಷ್ಟು ಹೇಳಿದ ಮೇಲೆ ಜಾತಿಯೊಳಗಿನ ವರ್ಗದ ಮಾತನ್ನು ನುಂಗಿಕೊಂಡರೆ ನನ್ನ ವಾದಕ್ಕೆ ನಾನೇ ಮೋಸ ಮಾಡಿದಂತೆ. 2011ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿ, ಪಂಗಡದವರು ಕೂಡಿ ನೂರಕ್ಕೆ ನಲವತ್ತನ್ನು ಮೀರುತ್ತಾರೆ. ಇಷ್ಟು ದೊಡ್ಡ ಸಮುದಾಯದೊಳಗೆ ಎರಡು ಮೂರು ತಲೆಮಾರು ಓದಿದ ಮನೆಗಳೂ ಇವೆ, ಇನ್ನೂ ಒಬ್ಬನೂ ಎಸ್ಸೆಸ್ಸೆಲ್ಸಿ ದಾಟದ ಮನೆಗಳೂ ಇವೆ. ಕರ್ನಾಟಕದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿರುವ 101 ಜಾತಿಗಳಲ್ಲಿ ಸೌಲಭ್ಯ ಎಲ್ಲರಿಗೂ ಸಮನಾಗಿ ತಲುಪಿಲ್ಲ ಎಂದು ಮಾದಿಗ ಸಮುದಾಯ ಮೂರು ದಶಕ ಬೀದಿಯಲ್ಲಿ ಕೂಗಿತು. ಇದನ್ನು ಪರಿಶೀಲಿಸಲು 2005ರಲ್ಲಿ ನೇಮಕವಾದ ಸದಾಶಿವ ಆಯೋಗ 2012ರಲ್ಲಿ ಕೊಟ್ಟ ವರದಿ ಕಪಾಟಿನಲ್ಲಿ ಕೂತಿತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಿಗೆ ಒಪ್ಪಿಗೆ ಕೊಟ್ಟಿತು; ನಾಗಮೋಹನ ದಾಸ್ ಆಯೋಗದ ವರದಿ ಬಂದ ಮೇಲೆ 2025ರ ಆಗಸ್ಟಿನಲ್ಲಿ ರಾಜ್ಯ ಸಚಿವ ಸಂಪುಟ ಪರಿಶಿಷ್ಟ ಜಾತಿಯ ಶೇ. 17 ಮೀಸಲನ್ನು 6, 6, 5 ಎಂದು ಹಂಚಲು ತೀರ್ಮಾನಿಸಿತು. ಅಲೆಮಾರಿ ಜಾತಿಗಳಿಗೆ ಪ್ರತ್ಯೇಕ ಪಾಲು ಸಿಗದೆ ಬಲವಿದ್ದವರ ಗುಂಪಿನಲ್ಲೇ ಸೇರಿಸಿದ್ದು ನನಗೆ ಸರಿ ಕಾಣಲಿಲ್ಲ. ಗುಡಾರದಲ್ಲಿ ಹುಟ್ಟಿದ ಮಗುವಿಗೂ ಸ್ವಂತ ಮನೆ, ಟ್ಯೂಷನ್ನು ಇದ್ದ ಮಗುವಿಗೂ ಸಮಾನ ಪೈಪೋಟಿ ಎಂದರೆ 1963ರ ತಪ್ಪನ್ನೇ ಇನ್ನೊಂದು ರೀತಿ ಮಾಡಿದಂತೆ.

2024ರ ಆ ತೀರ್ಪಿನಲ್ಲೇ ಕೆಲವು ನ್ಯಾಯಮೂರ್ತಿಗಳು ಪರಿಶಿಷ್ಟರಲ್ಲೂ ಕೆನೆಪದರವನ್ನು ಗುರುತಿಸಿ ಬಿಡಬೇಕು ಎಂದರು. ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಪಟ್ಟಿಯೊಳಗೆ ಮೊದಲ ತಲೆಮಾರಿನ ಓದಿನವರಿಗೆ, ಭೂಮಿಯಿಲ್ಲದ ಕೂಲಿಯವರ ಮಕ್ಕಳಿಗೆ ಮೊದಲ ಅವಕಾಶ ಸಿಗಲಿ. ಅವರು ತೆಗೆದುಕೊಂಡು ಉಳಿದದ್ದು ಅದೇ ಪಟ್ಟಿಯ ಉಳಿದವರಿಗೆ ಹೋಗಲಿ. ಅಧಿಕಾರಿಯ ಮಗನನ್ನು ಪೂರಾ ಹೊರಗೆ ಹಾಕಿ, ಅರ್ಹರು ಸಿಗಲಿಲ್ಲವೆಂದು ಸೀಟನ್ನು ಪಟ್ಟಿಯಿಂದಾಚೆ ದಾಟಿಸುವುದಾದರೆ ಅದು ಬಡ ದಲಿತನಿಗೆ ಮಾಡುವ ಉಪಕಾರವಲ್ಲ. ಬಡ ದಲಿತನ ಹೆಸರು ಹೇಳಿ ದಲಿತರೆಲ್ಲರಿಂದ ಕಿತ್ತುಕೊಳ್ಳುವುದು. ಒಳ್ಳೆಯ ಸಂಬಳವಿದ್ದ ನನ್ನ ಸ್ನೇಹಿತರಿಗೂ ಬಾಡಿಗೆ ಮನೆ ಸಿಕ್ಕಿದ್ದು ಊರ ಹೊರಗೇ ತಾನೆ?

ಮೀಸಲಾತಿ ಕಾಲೇಜಿನ ಬಾಗಿಲು, ಕಚೇರಿಯ ಬಾಗಿಲು ತೆರೆಯಬಲ್ಲದು. ಹಟ್ಟಿಯ ಬಾಗಿಲು, ಮನೆಯ ಬಾಗಿಲು, ಮದುವೆಯ ಬಾಗಿಲು ಅದರ ಕೈಗೆ ಎಟುಕುವುದಿಲ್ಲ. ಜಾತಿ ಇಂದು ಅತ್ಯಂತ ಭದ್ರವಾಗಿ ಕೂತಿರುವುದು ಮದುವೆಯಲ್ಲಿ. ಯಾಕೆಂದರೆ ನಾಲೆ ಬದಿಯ ಭೂಮಿ ಮಾರಾಟದಿಂದ ಕೈಬದಲಾಗುವುದಕ್ಕಿಂತ ಹೆಚ್ಚಾಗಿ ಮದುವೆ, ಮಕ್ಕಳು, ಪಾಲುಪಟ್ಟಿಗಳಿಂದ ಕೈಬದಲಾಗುತ್ತದೆ. ಜಾತಿಯೊಳಗೇ ಮದುವೆಯಾಗುವವರೆಗೆ ಭೂಮಿ ಜಾತಿಯೊಳಗೇ ಉಳಿಯುತ್ತದೆ. ವರ್ಗ ಮತ್ತು ಜಾತಿ ಒಂದನ್ನೊಂದು ಕಾಯುವುದು ಹೀಗೆ. ಚಿತ್ರದುರ್ಗ, ಹೊಸದುರ್ಗಗಳ ಸುತ್ತ ಇಂದು ಜಾತಿಗೊಂದು ಗುರುಪೀಠವಿದೆ. ಶತಮಾನಗಳಿಂದ ಮಠದ ಹೊಸ್ತಿಲು ತುಳಿಯದವರಿಗೆ ತಮ್ಮದೇ ಪೀಠ ಸಿಕ್ಕಿದ್ದು ಆತ್ಮಗೌರವದ ಹೆಜ್ಜೆ ಎಂದು ಗೌರವಿಸುತ್ತೇನೆ. ಆದರೆ ಈ ಪೀಠಗಳ ಸ್ವಾಮೀಜಿಗಳು ಒಂದೇ ವೇದಿಕೆಯಲ್ಲಿ ಕೂರುವುದನ್ನು ನೋಡಿದಾಗಲೆಲ್ಲ ನನ್ನ ಮನಸ್ಸು ಕೇಳುತ್ತದೆ: ನಿಮ್ಮ ನಿಮ್ಮ ಭಕ್ತರ ಮಕ್ಕಳ ಮದುವೆಯನ್ನು ಒಬ್ಬರಿನ್ನೊಬ್ಬರ ಭಕ್ತರೊಡನೆ ಯಾವಾಗ ಮಾಡಿಸುತ್ತೀರಿ?

ಅದು ದೊಡ್ಡವರಿಗೆ ಕೇಳುವ ಪ್ರಶ್ನೆ. ಓದುತ್ತಿರುವ ನಿಮ್ಮಲ್ಲಿ ನನ್ನದು ಚಿಕ್ಕ ಬೇಡಿಕೆ. ಇರುವುದು ಎರಡೇ ಜಾತಿ ಎಂದು ನೀವು ನಿಜವಾಗಿ ನಂಬಿದ್ದರೆ, ಅದನ್ನು ತೋರಿಸಲು ಒಂದು ಸಂದರ್ಭ ನಿಮಗೆ ಖಂಡಿತ ಸಿಗುತ್ತದೆ. ನಿಮ್ಮ ಮಹಡಿಯ ಮನೆ ಖಾಲಿ ಇದ್ದು ಯಾರಾದರೂ ಕೇಳಿಕೊಂಡು ಬಂದಾಗ, ಎಲ್ಲಿ ಕೆಲಸ, ಸಂಬಳ ಎಷ್ಟು, ತಿಂಗಳ ಐದರೊಳಗೆ ಬಾಡಿಗೆ ಕೊಡಬಲ್ಲಿರಾ ಎಂದು ಕೇಳಿ. ಮುಂಗಡದ ಲೆಕ್ಕ ಮುಗಿಸಿ ಬೀಗದ ಕೈ ಕೊಡಿ. ಅದಕ್ಕಿಂತ ಮುಂದೆ ಏನನ್ನೂ ಕೇಳಬೇಡಿ.